ಹಾಲಿನ ಗಾಡಿಯ ಹಾಗೆ: ಕಾರ್ಖಾನೆಯೊಳಗೆ ಟಗ್ಗರ್ ಟ್ರೈನ್ ಓಡಿಸುವ ಬಗೆ

ಹಳ್ಳಿಯ ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ನಿಂತು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿರುತ್ತದೆ. ಹಾಲಿನ ಗಾಡಿ ಬರುವ ಹೊತ್ತು ಊರಿಗೆಲ್ಲ ಗೊತ್ತು. ಆ ಹೊತ್ತಿಗೆ ಕ್ಯಾನುಗಳು ಸಿದ್ಧವಾಗಿರುತ್ತವೆ. ಗಾಡಿ ತುಂಬಿದ ಕ್ಯಾನುಗಳನ್ನು ಏರಿಸಿಕೊಂಡು, ಖಾಲಿ ಕ್ಯಾನುಗಳನ್ನು ಇಳಿಸಿ, ಮುಂದಿನ ಊರಿಗೆ ಹೊರಡುತ್ತದೆ. ಅದನ್ನು ಯಾರೂ ಫೋನ್ ಮಾಡಿ ಕರೆಯುವುದಿಲ್ಲ, ಅದೂ ಯಾರಿಗಾಗಿಯೂ ಕಾಯುವುದಿಲ್ಲ. ಕಾರ್ಖಾನೆಯೊಳಗೆ ಬಿಡಿಭಾಗಗಳನ್ನು ಸ್ಟೋರ್ಸಿನಿಂದ ಜೋಡಣೆ ನಡೆಯುವ ಲೈನಿಗೆ ಮುಟ್ಟಿಸುವ ಕೆಲಸವನ್ನೂ ಹೀಗೆಯೇ ಮಾಡಬಹುದು. ಅದಕ್ಕೆ ‘ಮಿಲ್ಕ್ ರನ್’ ಎಂಬ ಹೆಸರು ಬಂದಿರುವುದೂ ಹಾಲಿನವನ ಈ ಸುತ್ತಾಟದಿಂದಲೇ.

ಆ ಕೆಲಸಕ್ಕೆ ಬಳಸುವ ಗಾಡಿಯೇ ಟಗ್ಗರ್ ಟ್ರೈನ್. ಮುಂದೆ ಬ್ಯಾಟರಿಯಲ್ಲಿ ಓಡುವ ಸಣ್ಣ ಎಳೆಗಾಡಿ, ಹಿಂದೆ ಒಂದಕ್ಕೊಂದು ಕೊಕ್ಕೆ ಹಾಕಿದ ಮೂರು ನಾಲ್ಕು ಟ್ರಾಲಿಗಳು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಎಳೆದುಕೊಂಡು ಹೋಗುವ ಗಾಡಿಯನ್ನು ಕಿಟಕಿಯಿಂದ ನೋಡಿದ್ದರೆ ಅದರ ರೂಪ ನಿಮಗೆ ಪರಿಚಿತ. ಶಾಪ್ ಫ್ಲೋರಿನಲ್ಲಿ ಕೆಲವರು ಇದನ್ನು ಟೋ ಟ್ರಕ್ ಎನ್ನುತ್ತಾರೆ, ಕೆಲವರು ಬರಿಯ ‘ಟ್ರೈನ್’ ಎನ್ನುತ್ತಾರೆ. ಜರ್ಮನಿಯ ವಾಹನ ಕಾರ್ಖಾನೆಗಳಲ್ಲಿ ಇದಕ್ಕೆ ‘ರೂಟನ್‌ಸುಗ್’ ಎಂಬ ಹೆಸರಿದೆ. ಗೊತ್ತುಪಡಿಸಿದ ದಾರಿಯಲ್ಲಿ ಓಡುವ ರೈಲು ಎಂದು ಅದರ ಅರ್ಥ. ಅಲ್ಲಿನ ಎಂಜಿನಿಯರುಗಳ ಸಂಘವಾದ ವಿಡಿಐ ಈ ಒಂದು ವಿಷಯಕ್ಕಾಗಿಯೇ 5586 ಸಂಖ್ಯೆಯ ಮಾರ್ಗಸೂಚಿಯನ್ನು ಹೊರತಂದಿದೆ ಎಂದರೆ, ಅವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು ತಿಳಿಯುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗಾಡಿಯನ್ನು ಕೊನೆಗೆ ಕೊಳ್ಳಿ, ವೇಳಾಪಟ್ಟಿಯನ್ನು ಮೊದಲು ಮಾಡಿ. ಬಹಳ ಕಡೆ ಇದು ತಲೆಕೆಳಗಾಗುತ್ತದೆ. ಚೆಂದದ ಗಾಡಿ ಬರುತ್ತದೆ, ಪೂಜೆಯಾಗುತ್ತದೆ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯುತ್ತದೆ. ಎರಡು ತಿಂಗಳಲ್ಲಿ ಅದು ಕರೆದವರ ಕಡೆಗೆಲ್ಲ ಓಡುವ ಉದ್ದನೆಯ ಫೋರ್ಕ್‌ಲಿಫ್ಟ್ (ಮುಂದಿನ ಕಬ್ಬಿಣದ ಕವಲುಗಳಿಂದ ಸಾಮಾನು ಎತ್ತಿ ಒಯ್ಯುವ ಗಾಡಿ) ಆಗಿರುತ್ತದೆ. ಕೆಳಗೆ ಬರೆದಿರುವ ಹಂತಗಳ ಕ್ರಮ ಈ ತಪ್ಪನ್ನು ತಪ್ಪಿಸುವುದಕ್ಕಾಗಿಯೇ ಇದೆ.

ಮೊದಲ ಹಂತ: ಒಂದು ಪೂರ್ತಿ ಶಿಫ್ಟ್ ನಿಂತು ನೋಡಿ

ಕೈಯಲ್ಲಿ ಒಂದು ನೋಟ್‌ಬುಕ್ ಹಿಡಿದು ಸ್ಟೋರ್ಸಿನ ಬಾಗಿಲಲ್ಲಿ ನಿಲ್ಲಿ. ಪ್ರತಿ ಫೋರ್ಕ್‌ಲಿಫ್ಟ್ ಎಷ್ಟು ಹೊತ್ತಿಗೆ ಹೊರಟಿತು, ಏನು ಹೊತ್ತಿತ್ತು, ಎಲ್ಲಿಗೆ ಹೋಯಿತು, ವಾಪಸು ಬರುವಾಗ ಫೋರ್ಕಿನ ಮೇಲೆ ಏನಿತ್ತು ಎಂದು ಬರೆಯುತ್ತ ಹೋಗಿ. ಸಂಜೆ ಲೆಕ್ಕ ಹಾಕಿದಾಗ ಹೆಚ್ಚಿನ ಕಡೆ ಕಾಣುವುದು ಒಂದೇ: ಹೋಗುವಾಗ ಒಂದು ಪ್ಯಾಲೆಟ್ (ಸಾಮಾನು ಪೇರಿಸಿದ ಹಲಗೆ), ಬರುವಾಗ ಖಾಲಿ. ಫೋರ್ಕ್‌ಲಿಫ್ಟ್ ಆಟೋರಿಕ್ಷಾ ಇದ್ದ ಹಾಗೆ, ಒಬ್ಬರನ್ನು ಒಂದು ಕಡೆ ಬಿಟ್ಟು ಬರುತ್ತದೆ. ಟಗ್ಗರ್ ಟ್ರೈನ್ ಬಸ್ಸು. ಹತ್ತು ನಿಲ್ದಾಣಗಳಿಗೆ ಬೇಕಾದ್ದನ್ನು ಒಂದೇ ಸುತ್ತಿನಲ್ಲಿ ಹಂಚಿ, ಖಾಲಿ ಬಿನ್ನುಗಳನ್ನು, ಅಂದರೆ ಭಾಗಗಳನ್ನು ತುಂಬಿಡುವ ಡಬ್ಬಗಳನ್ನು, ಅದೇ ಸುತ್ತಿನಲ್ಲಿ ತರುತ್ತದೆ.

ಬಳಿಕ ಲೈನಿನ ಕಡೆಗೆ ಹೋಗಿ. ಇಲ್ಲಿ ನೋಟ್‌ಬುಕ್ಕಿಗಿಂತ ಕಣ್ಣು ಮುಖ್ಯ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ, ಜೋಡಣೆಯ ಮೇಜಿನ ಕೆಳಗೆ ಹಳೆಯ ರಟ್ಟಿನ ಪೆಟ್ಟಿಗೆಯೊಂದು ಕಂಡಿತು. ಎಳೆದು ನೋಡಿದರೆ ಎಂಟು ಎಂಎಂ ಬೋಲ್ಟುಗಳು, ಎರಡು ದಿನಕ್ಕೆ ಸಾಕಾಗುವಷ್ಟು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ಮುಖ ಕೆಳಗೆ ಹಾಕಿ, “ಸರ್, ಮೂರು ಸಲ ಕೇಳಿದರೂ ಬರದೆ ಲೈನ್ ನಿಂತಾಗ ಬೈಗುಳ ತಿಂದವಳು ನಾನು. ಗಾಡಿ ಹೊತ್ತಿಗೆ ಬರುತ್ತದೆ ಎಂದು ಗೊತ್ತಿದ್ದರೆ ಬಚ್ಚಿಡುವುದೇಕೆ?” ಎಂದರು. ಲೈನಿನಲ್ಲಿ ಬಚ್ಚಿಟ್ಟ ಸಾಮಾನು ಕಂಡರೆ ಕೆಲಸಗಾರರ ಮೇಲೆ ರೇಗಬೇಡಿ. ನಿಮ್ಮ ಸಾಗಾಟದ ಮೇಲೆ ಅವರು ಇಟ್ಟಿರುವ ನಂಬಿಕೆ ಎಷ್ಟು ಎಂಬುದನ್ನು ಆ ಪೆಟ್ಟಿಗೆ ತೂಕ ಮಾಡಿ ತೋರಿಸುತ್ತದೆ. ನೀವು ಮಾಡಹೊರಟಿರುವ ಇಡೀ ವ್ಯವಸ್ಥೆ ಆಕೆಯ ಆ ಪ್ರಶ್ನೆಗೆ ಉತ್ತರವಾಗಬೇಕು.

ಇದೇ ಹಂತದಲ್ಲಿ, ನಿಮಗೆ ಟಗ್ಗರ್ ಟ್ರೈನ್ ಬೇಕೇ ಎಂಬುದನ್ನೂ ತೀರ್ಮಾನಿಸಬಹುದು. ಬೇಕಾಗುವುದು ಬಹಳ ಬಗೆಯ ಸಣ್ಣ ಭಾಗಗಳು, ಬಹಳ ನಿಲ್ದಾಣಗಳು, ದಿನವಿಡೀ ಒಂದೇ ಸಮನೆ ಖರ್ಚಾಗುವ ಸಾಮಾನು ಇರುವ ಕಡೆ. ಎರಡೇ ಯಂತ್ರಗಳಿಗೆ ದೊಡ್ಡ ಎರಕದ ತುಂಡುಗಳನ್ನು ಒಯ್ಯುವುದಾದರೆ ಫೋರ್ಕ್‌ಲಿಫ್ಟೇ ಸರಿ. ಸಾಮಾನನ್ನು ಎತ್ತರದ ರ‍್ಯಾಕಿಗೆ ಏರಿಸುವ ಕೆಲಸವನ್ನು ಟ್ರೈನ್ ಮಾಡಲಾರದು, ಆದ್ದರಿಂದ ಸ್ಟೋರ್ಸಿನೊಳಗೆ ಫೋರ್ಕ್‌ಲಿಫ್ಟ್ ಉಳಿಯುತ್ತದೆ. ಲೈನಿನ ಓಣಿಗಳಿಂದ ಅದು ಹೊರಗೆ ಹೋಗುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ದೊಡ್ಡದು. ಪ್ಯಾಲೆಟ್ಟಿನ ಹಿಂದಿನಿಂದ ಮುಂದೆ ಏನಿದೆ ಎಂದು ಕಾಣದೆ, ಹಿಮ್ಮುಖವಾಗಿ ತಿರುಗುವ ಮೂರು ಟನ್ನಿನ ಯಂತ್ರ ಜನ ನಡೆದಾಡುವ ಜಾಗದಲ್ಲಿ ಇರುವುದಿಲ್ಲ ಎಂಬುದೊಂದೇ ಕಾರಣ ನನಗೆ ಸಾಕು.

ಎರಡನೆಯ ಹಂತ: ಪ್ರತಿ ಭಾಗಕ್ಕೂ ಒಂದು ಜಾತಕ

ಇದು ಬೇಸರದ ಕೆಲಸ. ಬಿಟ್ಟರೆ ಮುಂದಿನದೆಲ್ಲ ಊಹೆಯಾಗುತ್ತದೆ. ಲೈನಿಗೆ ಹೋಗುವ ಪ್ರತಿ ಭಾಗಕ್ಕೂ ಒಂದು ಸಾಲು ಬರೆಯಿರಿ: ಭಾಗದ ಸಂಖ್ಯೆ, ಗಂಟೆಗೆ ಎಷ್ಟು ಖರ್ಚು, ಒಂದು ಬಿನ್ನಿನಲ್ಲಿ ಎಷ್ಟು ಹಿಡಿಯುತ್ತದೆ, ತುಂಬಿದ ಬಿನ್ನಿನ ತೂಕ, ಸ್ಟೋರ್ಸಿನಲ್ಲಿ ಎಲ್ಲಿದೆ, ಲೈನಿನಲ್ಲಿ ಎಲ್ಲಿ ಬೇಕು. ತೂಕವನ್ನು ನಿಜವಾದ ತಕ್ಕಡಿಯಲ್ಲಿಟ್ಟು ನೋಡಿ, ಕಂಪ್ಯೂಟರಿನಲ್ಲಿರುವುದನ್ನು ನಂಬಬೇಡಿ.

ಬಿನ್ನಿನ ತೂಕದ ಬಗ್ಗೆ ಸ್ವಲ್ಪ ಹಟ ಹಿಡಿಯಬೇಕು. ಟ್ರೈನ್ ನಡೆಸುವವರು ಒಂದು ಶಿಫ್ಟಿನಲ್ಲಿ ನೂರಾರು ಸಲ ಬಿನ್ನುಗಳನ್ನು ಎತ್ತಿ ಇಳಿಸುತ್ತಾರೆ. ಒಂದು ಸಲ ಇಪ್ಪತ್ತೈದು ಕಿಲೋ ಎತ್ತಬಲ್ಲವರು ಐನೂರು ಸಲ ಎತ್ತಲಾರರು. ತುಂಬಿದ ಬಿನ್ನು 12ರಿಂದ 15 ಕಿಲೋ ದಾಟದಂತೆ ನೋಡಿಕೊಳ್ಳಿ. ದಾಟಿದರೆ ಬಿನ್ನನ್ನು ಚಿಕ್ಕದು ಮಾಡಿ, ಇಲ್ಲವೇ ಚಕ್ರದ ಮೇಲೆ ಜಾರಿಸುವ ವ್ಯವಸ್ಥೆ ಮಾಡಿ. ಭಾರದ ಬಿನ್ನುಗಳು ಟ್ರಾಲಿಯಲ್ಲೂ ರ‍್ಯಾಕಿನಲ್ಲೂ ಸೊಂಟದ ಎತ್ತರದಲ್ಲಿರಲಿ. ಮೊಣಕಾಲಿನ ಕೆಳಗೆ, ಹೆಗಲಿನ ಮೇಲೆ ಹಗುರವಾದದ್ದು ಮಾತ್ರ.

ಮೂರನೆಯ ಹಂತ: ಸೂಪರ್ ಮಾರ್ಕೆಟ್

ಸ್ಟೋರ್ಸಿಗೂ ಲೈನಿಗೂ ನಡುವೆ ಚಿಕ್ಕದೊಂದು ಅಂಗಡಿ ಬೇಕು. ಪ್ರತಿ ಭಾಗಕ್ಕೂ ಹೆಸರು ಬರೆದ ಗೂಡು, ಇಳಿಜಾರಿನ ರ‍್ಯಾಕು, ಹಿಂದಿನಿಂದ ತುಂಬಿದರೆ ಮುಂದಕ್ಕೆ ಜಾರಿಬರುವ ಬಿನ್ನು. ಈ ಕಲ್ಪನೆ ಅಮೆರಿಕದ ಸೂಪರ್ ಮಾರ್ಕೆಟ್‌ಗಳಿಂದ ಟೊಯೋಟಾ ಕಂಪನಿಗೆ ಬಂತು. ಅಲ್ಲಿನ ಎಂಜಿನಿಯರ್ ತೈಇಚಿ ಓನೊ ಅದನ್ನು, ಯಾವ ಭಾಗ ಎಷ್ಟು ಬೇಕು ಎಂದು ಹೇಳುವ ಕಾನ್‌ಬಾನ್ ಚೀಟಿಯೊಂದಿಗೆ ಜೋಡಿಸಿ ಕಾರ್ಖಾನೆಯ ವ್ಯವಸ್ಥೆಯಾಗಿ ಬೆಳೆಸಿದರು. ಗಿರಾಕಿ ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ತುಂಬುವುದು ಎಂಬುದು ಅದರ ತಿರುಳು. ಬಿಡದಿಯಲ್ಲಿ 1999ರ ಕೊನೆಗೆ ಟೊಯೋಟಾ ಕಿರ್ಲೋಸ್ಕರ್ ಕಾರು ತಯಾರಿಕೆ ಶುರುಮಾಡಿದ್ದರಿಂದ, ಆ ಸುತ್ತಿನಲ್ಲಿ ಕೆಲಸ ಮಾಡುವವರಿಗೆ ಕಾನ್‌ಬಾನ್ ಎಂಬ ಮಾತು ಹೊಸದಲ್ಲ.

ದೊಡ್ಡ ಪೆಟ್ಟಿಗೆ ಒಡೆದು ಚಿಕ್ಕ ಬಿನ್ನಿಗೆ ಹಾಕುವ ಕೆಲಸ, ಪ್ಲಾಸ್ಟಿಕ್ ಹೊದಿಕೆ ಬಿಚ್ಚುವ ಕೆಲಸ ಎಲ್ಲವೂ ಇಲ್ಲಿಯೇ ಮುಗಿಯಬೇಕು. ಲೈನಿನ ಕೆಲಸಗಾರರ ಕೈಯಲ್ಲಿ ಕತ್ತರಿ ಕಂಡರೆ ಎಲ್ಲೋ ತಪ್ಪಿದೆ ಎಂದು ಅರ್ಥ. ಗೂಡುಗಳನ್ನು ಟ್ರೈನ್ ನಿಲ್ಲುವ ನಿಲ್ದಾಣಗಳ ಕ್ರಮದಲ್ಲಿಯೇ ಜೋಡಿಸಿ. ಟ್ರಾಲಿ ತುಂಬುವಾಗ ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ.

ನಾಲ್ಕನೆಯ ಹಂತ: ದಾರಿ

ಕಾರ್ಖಾನೆಯ ನಕ್ಷೆಯ ಮೇಲೆ ದಾರಿ ಎಳೆಯುವಾಗ ಒಂದು ನಿಯಮವನ್ನು ಬಿಡಬೇಡಿ: ಟ್ರೈನ್ ಎಂದೂ ಹಿಂದಕ್ಕೆ ಚಲಿಸಬಾರದು. ನಾಲ್ಕು ಟ್ರಾಲಿ ಕಟ್ಟಿಕೊಂಡು ಹಿಮ್ಮುಖವಾಗಿ ಹೋಗುವುದು ಕಬ್ಬಿನ ಟ್ರಾಕ್ಟರನ್ನು ಎರಡು ಟ್ರೇಲರ್ ಸಮೇತ ರಿವರ್ಸ್ ತೆಗೆದ ಹಾಗೆ. ಕೊಕ್ಕೆಗಳು ಕತ್ತರಿಯಂತೆ ಮಡಿಚಿಕೊಳ್ಳುತ್ತವೆ. ಆದ್ದರಿಂದ ದಾರಿ ಸುತ್ತಿ ಬಂದು ಹೊರಟಲ್ಲಿಗೇ ಸೇರಬೇಕು, ಎಲ್ಲಿಯೂ ಮುಚ್ಚಿದ ಓಣಿ ಇರಬಾರದು, ಸಾಧ್ಯವಾದಷ್ಟು ಏಕಮುಖವಾಗಿರಬೇಕು. ಗಾಡಿಯ ಅಗಲಕ್ಕೆ ಎರಡೂ ಬದಿ ಅರ್ಧ ಅರ್ಧ ಮೀಟರ್ ಸೇರಿಸಿ ಓಣಿಯ ಅಗಲ ಅಳೆಯುವುದು ಒಳ್ಳೆಯ ರೂಢಿ. ಜನ ನಡೆಯುವ ದಾರಿಗೆ ಬೇರೆಯೇ ಹಳದಿ ಗೆರೆ ಇರಲಿ.

ತಿರುವುಗಳಲ್ಲಿ ಮಾತ್ರ ನಕ್ಷೆಯನ್ನು ನಂಬಬೇಡಿ. ಮಂಡ್ಯದ ಕಡೆ ಕಬ್ಬಿನ ಗಾಡಿಗಳು ತಿರುಗುವುದನ್ನು ಗಮನಿಸಿ. ಮುಂದಿನ ಟ್ರಾಕ್ಟರ್ ಸಲೀಸಾಗಿ ತಿರುಗಿರುತ್ತದೆ, ಹಿಂದಿನ ಟ್ರೇಲರಿನ ಚಕ್ರ ಮೂಲೆಯ ಅಂಗಡಿಯ ಕಟ್ಟೆಯನ್ನು ಸವರಿಕೊಂಡು ಹೋಗುತ್ತದೆ. ಪ್ರತಿ ಟ್ರಾಲಿಯೂ ತನ್ನ ಮುಂದಿನದಕ್ಕಿಂತ ಸ್ವಲ್ಪ ಒಳಗೆ ಕತ್ತರಿಸುವುದರಿಂದ ನಾಲ್ಕನೆಯದು ಬಹಳ ಒಳಗೆ ಬಂದಿರುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಮುಂದಿನ ಮತ್ತು ಹಿಂದಿನ ಚಕ್ರಗಳೆರಡೂ ತಿರುವಿಗೆ ತಕ್ಕಂತೆ ದಿಕ್ಕು ಬದಲಿಸುವ ಟ್ರಾಲಿ ಒಂದು. ಇನ್ನೊಂದು, ನಡುವೆ ಸ್ಥಿರ ಚಕ್ರಗಳಿರುವ ಟ್ರಾಲಿ. ಅದರಲ್ಲಿ ಮುಂದಿನ ಕೊಕ್ಕೆಯಿಂದ ಚಕ್ರದ ಅಚ್ಚಿಗೆ ಎಷ್ಟು ದೂರವೋ, ಅಚ್ಚಿನಿಂದ ಹಿಂದಿನ ಕೊಕ್ಕೆಗೂ ಅಷ್ಟೇ ದೂರವಿದ್ದರೆ, ಟ್ರಾಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಬರುತ್ತವೆ. ಊರಿನ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಟ್ರಾಲಿ ಮಾಡಿಸುವುದಾದರೆ ಈ ಎರಡು ಅಳತೆಗಳನ್ನು ಡ್ರಾಯಿಂಗಿನಲ್ಲಿ ಬರೆದುಕೊಡಿ. ಹೇಳದಿದ್ದರೆ ಕೊಕ್ಕೆಯನ್ನು ಬೆಸುಗೆಗೆ ಅನುಕೂಲವಾದ ಕಡೆ ಕೂರಿಸುತ್ತಾರೆ.

ಪರೀಕ್ಷೆ ಮಾಡುವುದು ಸುಲಭ. ತಿರುವಿನ ಒಳಮೂಲೆಯಿಂದ ಶುರುಮಾಡಿ ನೆಲದ ಮೇಲೆ ಒಂದೊಂದು ಗೇಣಿಗೆ ಒಂದೊಂದು ರಂಗೋಲಿ ಗೆರೆ ಎಳೆಯಿರಿ. ತೂಕ ತುಂಬಿದ ಟ್ರೈನನ್ನು ನಿಧಾನವಾಗಿ ತಿರುಗಿಸಿ. ಕೊನೆಯ ಟ್ರಾಲಿಯ ಚಕ್ರ ಎಷ್ಟನೆಯ ಗೆರೆಯನ್ನು ಅಳಿಸಿತು ಎಂದು ಬಗ್ಗಿ ನೋಡಿ. ನಾವು ಹೀಗೆ ಮಾಡಿದಾಗ, ನಕ್ಷೆಯ ಪ್ರಕಾರ ಧಾರಾಳವಾಗಿ ಜಾಗವಿದ್ದ ತಿರುವಿನಲ್ಲಿ ಚಕ್ರವು ಕಂಬದಿಂದ ನಾಲ್ಕು ಬೆರಳಷ್ಟು ದೂರದಲ್ಲಿ ಹಾದುಹೋಗಿತ್ತು. ಖಾಲಿ ಟ್ರಾಲಿಯಲ್ಲಿ ಪರೀಕ್ಷಿಸಿದರೆ ಸಾಲದು. ತುಂಬಿದಾಗಲೂ ಖಾಲಿಯಾದಾಗಲೂ ಎರಡೂ ಸಲ ನೋಡಿ.

ಐದನೆಯ ಹಂತ: ಸಮಯದ ಲೆಕ್ಕ

ಎಲ್ಲ ಹಂತಗಳ ಹೃದಯ ಇದು. ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸುತ್ತೇನೆ, ನಿಮ್ಮ ಅಂಕಿಗಳನ್ನು ಇದರಲ್ಲಿ ಕೂರಿಸಿಕೊಳ್ಳಿ.

ಗಂಟೆಗೆ 30 ಯೂನಿಟ್ ಜೋಡಿಸುವ ಲೈನ್. ಎರಡನೆಯ ಹಂತದ ಪಟ್ಟಿಯಿಂದ ಕೂಡಿದಾಗ ಎಲ್ಲ ಭಾಗಗಳೂ ಸೇರಿ ಗಂಟೆಗೆ 72 ಬಿನ್ನುಗಳು ಖರ್ಚಾಗುತ್ತವೆ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಗೊಂದು ಸುತ್ತು ಎಂದರೆ ಸುತ್ತಿಗೆ 36 ಬಿನ್ನು. ದಾರಿಯ ಉದ್ದ 420 ಮೀಟರ್, ನಿಲ್ದಾಣಗಳು 9.

ಎಳೆಗಾಡಿ ಗಂಟೆಗೆ ಹತ್ತು ಕಿಲೋಮೀಟರಿಗಿಂತ ವೇಗವಾಗಿ ಹೋಗಬಲ್ಲದಾದರೂ ಜನರ ನಡುವೆ ಅದನ್ನು ನಡಿಗೆಯ ವೇಗದಲ್ಲಿ, ಎಂದರೆ ಸುಮಾರು 5 ಕಿಲೋಮೀಟರಿನಲ್ಲಿ ಓಡಿಸೋಣ. ಆಗ 420 ಮೀಟರಿಗೆ 5 ನಿಮಿಷ. ಪ್ರತಿ ನಿಲ್ದಾಣದಲ್ಲಿ ನಿಲ್ಲಿಸಿ, ಇಳಿದು, ಮತ್ತೆ ಹತ್ತುವುದಕ್ಕೆ 20 ಸೆಕೆಂಡು ಎಂದರೆ ಒಟ್ಟು 3 ನಿಮಿಷ. ತುಂಬಿದ ಬಿನ್ನನ್ನು ರ‍್ಯಾಕಿಗೆ ಹಾಕಿ ಖಾಲಿಯದನ್ನು ಟ್ರಾಲಿಗೆ ತರಲು ಬಿನ್ನಿಗೆ 15 ಸೆಕೆಂಡು, 36 ಬಿನ್ನುಗಳಿಗೆ 9 ನಿಮಿಷ. ಸೂಪರ್ ಮಾರ್ಕೆಟ್‌ನಲ್ಲಿ ಮುಂದಿನ ಸುತ್ತಿಗೆ ತುಂಬಿಸಲು ಬಿನ್ನಿಗೆ 12 ಸೆಕೆಂಡು, ಸುಮಾರು 7 ನಿಮಿಷ. ಕೂಡಿದರೆ 24 ನಿಮಿಷ.

ಮೂವತ್ತರಲ್ಲಿ ಇಪ್ಪತ್ತನಾಲ್ಕು ಎಂದರೆ ಶೇಕಡ 80. ನನ್ನ ಅಭಿಪ್ರಾಯದಲ್ಲಿ ಅಲ್ಲಿಗೆ ನಿಲ್ಲಿಸಬೇಕು. ಉಳಿದ ಆರು ನಿಮಿಷ ದುಂದಲ್ಲ. ಓಣಿಯಲ್ಲಿ ಯಾರೋ ಬಿಟ್ಟುಹೋದ ಪ್ಯಾಲೆಟ್ ಟ್ರಕ್, ಲೆಕ್ಕ ತಪ್ಪಿದ ಬಿನ್ನು, ಒಂದು ಲೋಟ ನೀರು ಇವಕ್ಕೆಲ್ಲ ಆ ಆರು ನಿಮಿಷವೇ ಆಧಾರ. ಶೇಕಡ 95ರವರೆಗೆ ತುಂಬಿಸಿದ ಸುತ್ತು ಮೊದಲ ಅಡಚಣೆಗೇ ತಡವಾಗುತ್ತದೆ, ಆ ತಡವನ್ನು ಇಡೀ ದಿನ ಹೊತ್ತು ತಿರುಗುತ್ತದೆ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಗಾಡಿ ಓಡುವುದು 5 ನಿಮಿಷ, ಬಿನ್ನು ಎತ್ತಿ ಇಡುವುದು 16 ನಿಮಿಷ. ವೇಗದ ಗಾಡಿ ಕೊಂಡು ಆ ಐದನ್ನು ನಾಲ್ಕು ಮಾಡಬಹುದು. ಅದರ ಬದಲು ಇಳಿಜಾರು ರ‍್ಯಾಕು ಸರಿಯಾದ ಎತ್ತರದಲ್ಲಿದ್ದು, ನಿಲ್ಲುವ ಜಾಗ ರ‍್ಯಾಕಿನ ಎದುರಿಗೇ ಇದ್ದು, ಬಿನ್ನಿಗೆ ಮೂರು ಸೆಕೆಂಡು ಉಳಿದರೆ ಹೆಚ್ಚುಕಡಿಮೆ ಎರಡು ನಿಮಿಷ ಸಿಗುತ್ತದೆ, ಅದೂ ಯಾರನ್ನೂ ಅಪಾಯಕ್ಕೆ ಒಡ್ಡದೆ. ಚಾಲಕರಿಲ್ಲದೆ ತಾನೇ ಓಡುವ ಎಳೆಗಾಡಿಗಳ ಬಗ್ಗೆ ಈಚೆಗೆ ಬಹಳ ಜನ ಕೇಳುತ್ತಾರೆ. ನೆಲದ ಕಾಂತದ ಪಟ್ಟಿಯನ್ನೋ ಲೇಸರನ್ನೋ ಅನುಸರಿಸಿ ಓಡುವ ಒಳ್ಳೆಯ ಯಂತ್ರಗಳು ಅವು. ಆದರೆ ಅವು ಉಳಿಸುವುದು ಆ ಐದು ನಿಮಿಷಗಳನ್ನು ಮಾತ್ರ. ಬಿನ್ನು ಎತ್ತಿ ಇಡುವುದಕ್ಕೆ ಆಗಲೂ ಮನುಷ್ಯರು ಬೇಕು. ದಾರಿ ಬಹಳ ಉದ್ದವಾಗಿದ್ದು ನಿಲ್ದಾಣ ಎರಡೋ ಮೂರೋ ಇದ್ದರೆ ಅವುಗಳಿಂದ ಲಾಭವಿದೆ. ಇಲ್ಲಿಯಂಥ ಸುತ್ತಿಗಲ್ಲ.

ಆರನೆಯ ಹಂತ: ಲೈನಿನಲ್ಲಿ ಎಷ್ಟು ಬಿನ್ನು?

ಇದಕ್ಕೆ ಅತ್ಯಂತ ಕೆಟ್ಟ ಸಂದರ್ಭವನ್ನು ಊಹಿಸಿಕೊಳ್ಳಬೇಕು. ಟ್ರೈನ್ ಈಗಷ್ಟೇ ಹೋಗಿದೆ, ಹೋದ ಮರುಕ್ಷಣ ಒಂದು ಬಿನ್ನು ಖಾಲಿಯಾಯಿತು. ಆ ಖಾಲಿ ಬಿನ್ನನ್ನು ಟ್ರೈನ್ ಎತ್ತಿಕೊಳ್ಳುವುದು ಮುಂದಿನ ಸುತ್ತಿನಲ್ಲಿ, ಅರ್ಧ ಗಂಟೆಯ ಮೇಲೆ. ತುಂಬಿಸಿ ತಂದುಕೊಡುವುದು ಅದರ ಮುಂದಿನ ಸುತ್ತಿನಲ್ಲಿ. ಅಂದರೆ ಒಂದು ಗಂಟೆ ಕಾಯಬೇಕು. ಆ ಗಂಟೆಯಲ್ಲಿ 30 ಯೂನಿಟ್ ಆಗುತ್ತವೆ. ಯೂನಿಟ್ಟಿಗೆ ಒಂದು ಬೇಕಾದ ಬ್ರಾಕೆಟ್, ಬಿನ್ನಿಗೆ 20 ಹಿಡಿಯುತ್ತದೆ ಎಂದರೆ ಆ ಹೊತ್ತಿಗೆ 2 ಬಿನ್ನು ಬೇಕು, ಖಾಲಿಯಾದದ್ದು ಒಂದು, ಒಟ್ಟು 3.

ಸುತ್ತನ್ನು ಹದಿನೈದು ನಿಮಿಷಕ್ಕೆ ಇಳಿಸಿದರೆ ಕಾಯುವುದು ಅರ್ಧ ಗಂಟೆ, ಬೇಕಾಗುವುದು 15 ಬ್ರಾಕೆಟ್, ಒಟ್ಟು 2 ಬಿನ್ನು ಸಾಕು. ಸುತ್ತು ಚಿಕ್ಕದಾದಷ್ಟೂ ಲೈನಿನಲ್ಲಿ ಸಾಮಾನು ಕಡಿಮೆ, ಜಾಗ ಹೆಚ್ಚು. ಆದರೆ ಟ್ರೈನಿನವರ ಓಡಾಟವೂ ಹೆಚ್ಚುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯ ನಡುವೆ ಶುರುಮಾಡಿ, ಹಿಡಿತ ಬಂದ ಮೇಲೆ ಬಿಗಿ ಮಾಡುವುದು ಒಳ್ಳೆಯದು.

ಖಾಲಿ ಬಿನ್ನೇ ಸಂದೇಶ. ಅದರ ಮೇಲಿನ ಚೀಟಿ ಏನು, ಎಷ್ಟು, ಎಲ್ಲಿಗೆ ಎಂದು ಹೇಳುತ್ತದೆ. ಕೆಲಸಗಾರರು ಕೂಗಬೇಕಿಲ್ಲ, ಟ್ರೈನಿನವರು ಊಹಿಸಬೇಕಿಲ್ಲ. ದೊಡ್ಡ ಪರದೆಯ ಎಲೆಕ್ಟ್ರಾನಿಕ್ ವ್ಯವಸ್ಥೆ ಬೇಕೇ ಎಂದು ಕೇಳಿದರೆ, ಮೊದಲ ವರ್ಷ ಚೀಟಿಯೇ ಇರಲಿ ಎನ್ನುತ್ತೇನೆ. ಚೀಟಿ ಕಳೆದುಹೋದರೆ ಎಲ್ಲರ ಕಣ್ಣಿಗೂ ಕಾಣುತ್ತದೆ.

ಏಳನೆಯ ಹಂತ: ಈಗ ಗಾಡಿ

ಎಳೆಯಬೇಕಾದ ತೂಕ ಕೂಡಿಸಿ. ನಮ್ಮ ಉದಾಹರಣೆಯಲ್ಲಿ ಸರಾಸರಿ 12 ಕಿಲೋದ 36 ಬಿನ್ನು, 432 ಕಿಲೋ. ನಾಲ್ಕು ಟ್ರಾಲಿಗಳ ಸ್ವಂತ ತೂಕ ತಲಾ 170ರಂತೆ 680. ಒಟ್ಟು ಸುಮಾರು 1,110 ಕಿಲೋ. ಒಳ್ಳೆಯ ಪಾಲಿಯುರೆಥೇನ್ ಚಕ್ರ, ನಯವಾದ ಕಾಂಕ್ರೀಟ್ ನೆಲ ಇದ್ದರೆ ಎಳೆತ ಆ ತೂಕದ ಸುಮಾರು ಶೇಕಡ 2. ಅಂದರೆ ಬರಿಯ 22 ಕಿಲೋ ಬಲ. ಹೊರಡುವಾಗ ಇದರ ಎರಡು ಮೂರು ಪಟ್ಟು ಬೇಕಾಗುತ್ತದೆ. ಇಷ್ಟೇನಾ ಎನ್ನಿಸುತ್ತದೆ. ಈಗ ಎರಡು ಶೆಡ್ಡುಗಳ ನಡುವೆ ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರ‍್ಯಾಂಪ್ ಇದೆ ಎನ್ನಿ. ಅದು ಶೇಕಡ 5ರ ಏರು, ಅದೊಂದೇ 55 ಕಿಲೋ ಸೇರಿಸುತ್ತದೆ. ಇಪ್ಪತ್ತೆರಡು ಇದ್ದದ್ದು ಎಪ್ಪತ್ತೇಳಾಯಿತು, ಎಳೆಗಾಡಿಯ ತನ್ನ ತೂಕ ಬೇರೆ. ಮಾರಾಟಗಾರರ ಕಾಗದದಲ್ಲಿ ದಪ್ಪಕ್ಷರದಲ್ಲಿರುವ ಎಳೆಯುವ ಸಾಮರ್ಥ್ಯ ಸಾಮಾನ್ಯವಾಗಿ ಸಮತಟ್ಟು ನೆಲದ್ದು. ನಿಮ್ಮ ದಾರಿಯಲ್ಲಿ ಏರು ಇದ್ದರೆ ಆ ಏರಿಗೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ.

ಇಳಿಜಾರು ಇನ್ನೂ ಅಪಾಯ. ಹೆಚ್ಚಿನ ಟ್ರಾಲಿಗಳಿಗೆ ಓಡುವಾಗ ಹಿಡಿಯುವ ಬ್ರೇಕ್ ಇರುವುದಿಲ್ಲ, ನಿಲ್ಲಿಸುವುದೆಲ್ಲ ಎಳೆಗಾಡಿಯ ಬ್ರೇಕೇ. ಇಳಿಯುವಾಗ ಹಿಂದಿನ ಟನ್ನು ತೂಕ ಮುಂದಿನ ಗಾಡಿಯನ್ನು ತಳ್ಳುತ್ತದೆ. ಮಳೆಗಾಲದಲ್ಲಿ ಶೆಡ್ಡಿನ ಬಾಗಿಲಿನ ಆ ರ‍್ಯಾಂಪ್ ಒದ್ದೆಯಾಗಿರುತ್ತದೆ. ಸಾಧ್ಯವಿದ್ದರೆ ದಾರಿಯನ್ನೇ ಬದಲಿಸಿ ರ‍್ಯಾಂಪನ್ನು ತಪ್ಪಿಸಿ.

ಟ್ರಾಲಿಗಳಲ್ಲಿ ಬಗೆಗಳಿವೆ. ಸಣ್ಣ ಬಿನ್ನುಗಳಿಗೆ ಎರಡೂ ಕಡೆಯಿಂದ ಕೈಗೆಟುಕುವ ಕಪಾಟಿನ ಟ್ರಾಲಿ ಸಾಕು. ಪ್ಯಾಲೆಟ್ ಗಾತ್ರದ ಸಾಮಾನಿಗೆ ತಾಯಿ–ಮಗು ಟ್ರಾಲಿ ಬಳಸುತ್ತಾರೆ. ಮಗು ಟ್ರಾಲಿಯನ್ನು ತಾಯಿಯ ಚೌಕಟ್ಟಿನೊಳಗಿಂದ ತಳ್ಳಿ ಲೈನಿಗೆ ಬಿಟ್ಟು, ಖಾಲಿಯಾದ ಇನ್ನೊಂದನ್ನು ಒಳಗೆ ಸೇರಿಸಿಕೊಂಡು ಹೊರಡುವುದು. ಚಕ್ರದ ವಿಚಾರದಲ್ಲಿ ಜಿಪುಣತನ ಬೇಡ. ಗಟ್ಟಿ ನೈಲಾನ್ ಚಕ್ರ ಅಗ್ಗ, ಆದರೆ ಇಡೀ ಶೆಡ್ಡಿಗೆ ಕೇಳುವ ಸದ್ದು. ಮೃದು ಚಕ್ರಕ್ಕೆ ಯಂತ್ರಗಳಿಂದ ಹಾರಿದ ಲೋಹದ ಚೂರುಗಳು ನೆಟ್ಟುಕೊಳ್ಳುತ್ತವೆ, ಪ್ಯಾಕಿಂಗಿನ ದಾರ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ನೆಲ ಗುಡಿಸುವುದೂ ಈ ವ್ಯವಸ್ಥೆಯ ಭಾಗವೇ.

ಬ್ಯಾಟರಿಗೆ ಓಟಕ್ಕಿಂತ ನಿಂತು ಹೊರಡುವುದೇ ಹೆಚ್ಚಿನ ಭಾರ. ಹದಿನೈದು ಸುತ್ತಿನ ಶಿಫ್ಟಿನಲ್ಲಿ ಓಡುವ ದೂರ ಆರು ಕಿಲೋಮೀಟರ್ ಚಿಲ್ಲರೆ, ಆದರೆ ನಿಂತು ಹೊರಡುವುದು ನೂರೈವತ್ತು ಸಲ. ಲೆಡ್ ಆಸಿಡ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಮುಗಿದ ಮೇಲೆ ತುಂಬಿ, ಮೊದಲೇ ತುಂಬಿದರೆ ಆಮ್ಲ ಉಕ್ಕಿ ಹೊರಬರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುಗಡೆಯಾಗುವುದರಿಂದ ಆ ಜಾಗಕ್ಕೆ ಗಾಳಿಯಾಡಬೇಕು, ಬೆಸುಗೆ ಕೆಲಸ ಅದರ ಹತ್ತಿರ ಸುಳಿಯಬಾರದು. ಊಟ, ಚಹಾದ ವಿರಾಮದಲ್ಲಿ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿಕೊಳ್ಳಬೇಕಾದ ಕಡೆ ಲಿಥಿಯಂ ಸರಿ.

ಎಂಟನೆಯ ಹಂತ: ಯಾರು ಓಡಿಸಬೇಕು?

ಈ ಕೆಲಸವನ್ನು ನಿನ್ನೆ ಸೇರಿದ ಹುಡುಗನಿಗೆ ಕೊಡುವ ರೂಢಿ ನೋಡಿದ್ದೇನೆ, ಅದು ಕಾರ್ಖಾನೆಗೆ ದೊಡ್ಡ ನಷ್ಟ. ಜಪಾನಿನಲ್ಲಿ ಈ ಕೆಲಸದವರನ್ನು ‘ಮಿಜುಸುಮಾಶಿ’ ಎನ್ನುತ್ತಾರೆ. ಕೆರೆಯ ನೀರಿನ ಮೇಲೆ ಗಿರಗಿರನೆ ಸುತ್ತುವ ಪುಟ್ಟ ಕಪ್ಪು ಹುಳುವಿನ ಹೆಸರು ಅದು. ಅರ್ಧ ಗಂಟೆಗೊಮ್ಮೆ ಇಡೀ ಲೈನನ್ನು ಕಣ್ಣಾರೆ ಕಾಣುವವರು ಕಾರ್ಖಾನೆಯಲ್ಲಿ ಇವರೊಬ್ಬರೇ. ಯಾವ ನಿಲ್ದಾಣದಲ್ಲಿ ಬಿನ್ನು ಎಂದಿಗಿಂತ ಬೇಗ ಖಾಲಿಯಾಗುತ್ತಿದೆ, ಎಲ್ಲಿ ಕೆಟ್ಟ ಭಾಗಗಳು ಸೇರುತ್ತಿವೆ, ಯಾರು ಹಿಂದೆ ಬಿದ್ದಿದ್ದಾರೆ ಎಂಬುದು ಸೂಪರ್‌ವೈಸರಿಗಿಂತ ಮೊದಲು ಇವರಿಗೆ ತಿಳಿಯುತ್ತದೆ. ಲೈನಿನಲ್ಲಿ ಕೆಲಸ ಮಾಡಿ ಅನುಭವವಿರುವವರನ್ನು ಆರಿಸಿ, ಅವರ ಮಾತಿಗೆ ಕಿವಿಗೊಡಿ.

ಸುರಕ್ಷತೆಯ ನಿಯಮಗಳನ್ನು ಗೋಡೆಗೆ ಅಂಟಿಸಿದರೆ ಸಾಲದು, ಗಾಡಿಯ ಪಕ್ಕದಲ್ಲಿ ನಿಂತು ಮಾಡಿ ತೋರಿಸಬೇಕು:

– ಶಿಫ್ಟ್ ಶುರುವಾಗುವ ಮೊದಲು ಬ್ರೇಕ್, ಹಾರ್ನ್, ದೀಪ, ಚಕ್ರಗಳನ್ನು ಪರೀಕ್ಷಿಸಿ. ಪ್ರತಿ ಕೊಕ್ಕೆಯ ಪಿನ್ ಪೂರ್ತಿ ಇಳಿದು ಲಾಕ್ ಆಗಿದೆಯೇ ಎಂದು ಕೈಯಿಂದ ಅಲುಗಿಸಿ ನೋಡಿ.
– ಕೊಕ್ಕೆ ಹಾಕುವುದು, ಬಿಚ್ಚುವುದು ಗಾಡಿ ಪೂರ್ತಿ ನಿಂತು ಬ್ರೇಕ್ ಹಾಕಿದ ಮೇಲೆ ಮಾತ್ರ. ಬೆರಳು ಹೋಗುವುದು ಇಲ್ಲಿಯೇ.
– ಲೈನಿನ ಬದಿಗೇ ಇಳಿಯಿರಿ, ಓಡಾಟದ ಬದಿಗೆ ಬೇಡ. ಇಳಿಯುವಾಗ ಗಾಡಿ ತಾನಾಗಿ ಹೊರಡದಂತೆ ಕೀ ಆರಿಸಿ.
– ಹೊರಡುವ ಮೊದಲು ಕೊನೆಯ ಟ್ರಾಲಿಯವರೆಗೂ ತಿರುಗಿ ನೋಡಿ. ಎರಡು ಟ್ರಾಲಿಗಳ ನಡುವೆ ದಾಟುವವರು ಎಲ್ಲ ಕಾರ್ಖಾನೆಗಳಲ್ಲೂ ಇರುತ್ತಾರೆ.
– ಟ್ರಾಲಿಯ ಮೇಲೆ ಯಾರನ್ನೂ ಕೂರಿಸಿಕೊಳ್ಳಬೇಡಿ, ಮ್ಯಾನೇಜರನ್ನೂ.

ಕೊನೆಯ ಹಂತ: ಒಂದೇ ಸುತ್ತಿನಿಂದ ಶುರು

ಗಾಡಿ ಕೊಳ್ಳುವ ಮೊದಲೇ ಪರೀಕ್ಷೆ ಮಾಡಬಹುದು. ಕೈಯಿಂದ ತಳ್ಳುವ ಟ್ರಾಲಿಯೊಂದಿಗೆ ಒಬ್ಬರು ಎರಡು ವಾರ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ನಾಲ್ಕೈದು ನಿಲ್ದಾಣಗಳಿಗೆ ಮಾತ್ರ ಓಡಾಡಲಿ. ವೇಳಾಪಟ್ಟಿಯ ತಪ್ಪುಗಳೆಲ್ಲ ಆಗಲೇ ಹೊರಬೀಳುತ್ತವೆ. ಸಣ್ಣ ಕಾರ್ಖಾನೆಯಾದರೆ ಇಷ್ಟರಲ್ಲಿಯೇ ನಿಮ್ಮ ಕೆಲಸ ಮುಗಿದು, ಎಳೆಗಾಡಿಯೇ ಬೇಡವೆನ್ನಿಸಬಹುದು. ಆಗ ಸಂತೋಷದಿಂದ ದುಡ್ಡು ಉಳಿಸಿ.

ಗಾಡಿ ಬಂದ ಮೇಲೆ ಪ್ರತಿ ನಿಲ್ದಾಣದಲ್ಲಿ ಬಸ್ ನಿಲ್ದಾಣದಂತೆ ಒಂದು ಫಲಕ ಹಾಕಿ, ಟ್ರೈನ್ ಬರುವ ಹೊತ್ತುಗಳನ್ನು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಸೂಪರ್ ಮಾರ್ಕೆಟ್‌ನಲ್ಲಿ ಒಂದು ಬೋರ್ಡು ಇರಲಿ: ಹೊರಡಬೇಕಾದ ಹೊತ್ತು, ಹೊರಟ ಹೊತ್ತು, ತಡವಾದರೆ ಕಾರಣ. ಕಾರಣದ ಜಾಗದಲ್ಲಿ ಯಾರ ಹೆಸರನ್ನೂ ಬರೆಸಬೇಡಿ. ಹೆಸರು ಬರೆಯಲು ಶುರುವಾದ ದಿನದಿಂದ ಬೋರ್ಡಿನಲ್ಲಿ ನಿಜ ಇರುವುದಿಲ್ಲ.

ಮೊದಲ ವಾರಗಳಲ್ಲಿ ಒಂದು ಒತ್ತಡ ಬಂದೇ ಬರುತ್ತದೆ. ಟ್ರಾಲಿ ಅರ್ಧ ಖಾಲಿಯಿದೆ, ತುಂಬಿದ ಮೇಲೆ ಹೊರಡೋಣ ಎನ್ನುತ್ತಾರೆ. ಒಪ್ಪಬೇಡಿ. ಹೊತ್ತಾದರೆ ಖಾಲಿಯಾದರೂ ಹೊರಡಬೇಕು. ಆಮೇಲೆ ಯಾರೋ ಫೋನ್ ಮಾಡಿ ತಮ್ಮದನ್ನು ಮಾತ್ರ ಬೇಗ ತಂದುಕೊಡಿ ಎನ್ನುತ್ತಾರೆ. ಅದಕ್ಕೆ ಬೇರೊಬ್ಬರನ್ನು ಕಳುಹಿಸಿ, ಟ್ರೈನನ್ನು ದಾರಿ ತಪ್ಪಿಸಬೇಡಿ. ಅಂಥ ಪ್ರತಿ ಕರೆಯನ್ನೂ ಬರೆದಿಟ್ಟುಕೊಂಡು ವಾರದ ಕೊನೆಗೆ ನೋಡಿದರೆ, ಹೆಚ್ಚಿನವು ಎರಡು ಮೂರು ಭಾಗಗಳವೇ ಆಗಿರುತ್ತವೆ. ಅವುಗಳ ಬಿನ್ನಿನ ಲೆಕ್ಕ ಎಲ್ಲೋ ತಪ್ಪಿದೆ, ಆರನೆಯ ಹಂತಕ್ಕೆ ಹಿಂತಿರುಗಿ. ಲೈನಿನ ವೇಗ ಬದಲಾದಾಗ, ಹೊಸ ಮಾಡೆಲ್ ಬಂದಾಗಲೂ ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು.

ಮೂರು ತಿಂಗಳಾದ ಮೇಲೆ, ಯಾರಿಗೂ ಮೊದಲೇ ಹೇಳದೆ, ಲೈನಿನ ಮೇಜುಗಳ ಕೆಳಗೆ ಬಗ್ಗಿ ನೋಡಿ. ನಾವು ನೋಡಿದ ದಿನ ಆ ಬೋಲ್ಟಿನ ಮೇಜಿನ ಕೆಳಗೆ ಆಕೆಯ ಊಟದ ಡಬ್ಬಿ, ನೀರಿನ ಬಾಟಲಿ ಎರಡೇ ಇದ್ದವು.